ಯಾವ ವಿಂಡೋ ಯಾರದು? ಹಲವು ಬ್ರೌಸರ್ ಪ್ರೊಫೈಲ್‌ಗಳನ್ನು ನೋಡಿದ ಕೂಡಲೇ ಗುರುತಿಸಲು

ಕೊಡಗಿನ ಎಷ್ಟೋ ಮನೆಗಳಲ್ಲಿ ತೋಟದ ಲೆಕ್ಕ, ಹೋಮ್‌ಸ್ಟೇ ಬುಕಿಂಗ್, ಮನೆಯವರ ಸ್ವಂತ ಮೇಲ್ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತವೆ. ಒಂದೊಂದಕ್ಕೂ ಬೇರೆ ಪ್ರೊಫೈಲ್, ಅಂದರೆ ಲಾಗಿನ್, ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಬೇರೆಯಾಗಿಡುವ ಬ್ರೌಸರಿನ ವಿಭಾಗ, ಮಾಡಿಕೊಂಡಿದ್ದರೆ ಒಳ್ಳೆಯದೇ. ಆದರೆ ಮೂರು ವಿಂಡೋಗಳೂ ಒಂದೇ ಬೂದು ಬಣ್ಣದಲ್ಲಿದ್ದರೆ ಅತಿಥಿಗೆ ಕೊಡಬೇಕಾದ ಉತ್ತರ ತೋಟದ ವಿಳಾಸದಿಂದ ಹೋಗುತ್ತದೆ, ತೋಟದ ಗುಮಾಸ್ತ (ರೈಟರ್) ಬರೆದ ಕೂಲಿ ಬಟವಾಡೆ ಶೀಟು ಮನೆಯವರ ಡ್ರೈವ್‌ನಲ್ಲಿ ಕೂರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಜಿಮೇಲ್ ತೆರೆದಾಗ ಎರಡು ದುಂಡು ಚಿತ್ರ ಕಾಣುತ್ತವೆ. ಪುಟದ ಒಳಗಿರುವುದು ಆ ಪುಟಕ್ಕೆ ಲಾಗಿನ್ ಆದ ಖಾತೆಯದು. ಅದರ ಮೇಲೆ, ವಿಳಾಸಪಟ್ಟಿಯ ಸಾಲಿನಲ್ಲಿ ಮೂರು ಚುಕ್ಕಿಯ ಪಕ್ಕ ಇರುವುದು ಪ್ರೊಫೈಲಿನದು. ಒಂದೇ ಪ್ರೊಫೈಲಿನಲ್ಲಿ ಎರಡು ಖಾತೆಗೆ ಲಾಗಿನ್ ಆಗಿದ್ದರೆ ಇವೆರಡೂ ಹೊಂದದೇ ಇರಬಹುದು, ಆಗ ಕೆಳಗಿನ ಯಾವ ಉಪಾಯವೂ ಪೂರ್ತಿ ಫಲಿಸದು. ಒಂದು ಪ್ರೊಫೈಲಿಗೆ ಒಂದೇ ಖಾತೆ ಇಟ್ಟುಕೊಳ್ಳಿ, ಉಳಿದವುಗಳಿಂದ ಸೈನ್ ಔಟ್ ಆಗಿ.

ಇನ್ನು ಬಣ್ಣ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಕ್ರೋಮ್‌ನಲ್ಲಿ ಆ ಮೇಲಿನ ದುಂಡು ಚಿತ್ರ ಒತ್ತಿ, ಪೆನ್ಸಿಲ್ ಗುರುತು ಅಥವಾ 'ಕಸ್ಟಮೈಸ್ ಪ್ರೊಫೈಲ್' ಆರಿಸಿ. ಹೆಸರು, ಥೀಮ್ ಬಣ್ಣ, ಚಿತ್ರ ಮೂರೂ ಅಲ್ಲೇ ಸಿಗುತ್ತವೆ. 'ತೋಟ', 'ಹೋಮ್‌ಸ್ಟೇ', 'ಮನೆ' ಎಂದು ಚಿಕ್ಕ ಹೆಸರು ಕೊಡಿ. ಬಣ್ಣ ಮಾತ್ರ ಗಾಢವಾಗಿರಲಿ: ನೀವು ಕೆಲಸ ಮಾಡದಿರುವ ವಿಂಡೋದ ಪಟ್ಟಿಯನ್ನು ಕ್ರೋಮ್ ತಾನೇ ಮಂಕು ಮಾಡುತ್ತದೆ, ತಿಳಿ ನೀಲಿಯೂ ತಿಳಿ ಹಸಿರೂ ಆಗ ಒಂದೇ ಥರ ಕಾಣುತ್ತವೆ. ಮನೆಯಲ್ಲಿ ಯಾರಿಗಾದರೂ ಕೆಂಪು–ಹಸಿರು ಬೇರೆಯಾಗಿ ಕಾಣದಿದ್ದರೆ ಕಡು ನೀಲಿ ಮತ್ತು ಹಳದಿ ಆರಿಸಿ. ಅದೇ ಪುಟದ ಕೊನೆಯಲ್ಲಿರುವ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಆಯ್ಕೆಯನ್ನೂ ಆನ್ ಮಾಡಿದರೆ ಪ್ರತಿ ಪ್ರೊಫೈಲಿಗೂ ಅದರದೇ ಚಿತ್ರವಿರುವ ಐಕಾನ್ ಬರುತ್ತದೆ.

ಆಲ್ಟ್ ಹಿಡಿದು ಟ್ಯಾಬ್ ಒತ್ತಿ ವಿಂಡೋ ಬದಲಿಸುವವರಿಗೆ ಬಣ್ಣವಷ್ಟೇ ಸಾಲದು, ಅಲ್ಲಿ ಪುಟದ ಶೀರ್ಷಿಕೆಯೇ ಮುಂದೆ ಬರುತ್ತದೆ. ಟ್ಯಾಬ್‌ಗಳ ಸಾಲಿನ ಖಾಲಿ ಜಾಗದಲ್ಲಿ ಬಲಕ್ಲಿಕ್ ಮಾಡಿ 'ನೇಮ್ ವಿಂಡೋ' ಆರಿಸಿ, ಹೆಸರು ಬರೆಯಿರಿ. ಈ ಹೆಸರು ಆ ವಿಂಡೋಗೆ ಮಾತ್ರ, ಹೊಸದಾಗಿ ತೆರೆದ ವಿಂಡೋಗೆ ಬರುವುದಿಲ್ಲ. ಎಡ್ಜ್‌ನಲ್ಲಿ ಈ ಕಷ್ಟವಿಲ್ಲ, ಶೀರ್ಷಿಕೆಯಲ್ಲೇ ಪ್ರೊಫೈಲಿನ ಹೆಸರು ಸೇರಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಬಣ್ಣ, ಗುರುತು ಇರುವ ಹೊಸ ಪ್ರೊಫೈಲ್ ವ್ಯವಸ್ಥೆ 2025ರ 138ನೇ ಆವೃತ್ತಿಯಿಂದ ಹಂತಹಂತವಾಗಿ ಬಂದಿದೆ. ಹಳೆಯ ಆವೃತ್ತಿಯಾದರೆ ಪ್ರತಿ ಪ್ರೊಫೈಲಿಗೂ ಬೇರೆ ಥೀಮ್ ಹಾಕಿಕೊಳ್ಳುವುದೇ ದಾರಿ.

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್ ತೆರೆದು, ಬಟನ್‌ಗಳನ್ನು ಒಟ್ಟುಗೂಡಿಸುವ ಆಯ್ಕೆಯನ್ನು 'ನೆವರ್' ಮಾಡಿ. ಕೆಳಗಿನ ಪಟ್ಟಿಯಲ್ಲಿ ಐಕಾನ್ ಜೊತೆ ವಿಂಡೋದ ಹೆಸರೂ ಕಾಣತೊಡಗುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಕಂಪ್ಯೂಟರ್ ಆಫ್ ಆದರೆ ಗಾಬರಿ ಬೇಡ. ಪ್ರೊಫೈಲಿನ ಬಣ್ಣವೂ ಹೆಸರೂ ಅಳಿಯುವುದಿಲ್ಲ. ಆದರೆ ತೆರೆದಿದ್ದ ಪುಟಗಳ ನೆನಪು ಪ್ರತಿ ಪ್ರೊಫೈಲಿಗೂ ಬೇರೆಬೇರೆ, ಹಾಗಾಗಿ 'ರಿಸ್ಟೋರ್' ಅನ್ನು ಒಂದೊಂದರಲ್ಲೂ ಒತ್ತಬೇಕು.

ಇಷ್ಟೆಲ್ಲ ಮಾಡಿದರೂ ಎರಡು ಕಡೆ ಮೋಸ ಹೋಗುವ ಸಂಭವ ಉಳಿದೇ ಇರುತ್ತದೆ. ಇನ್‌ಕಾಗ್ನಿಟೋ (ನೋಡಿದ ಪುಟಗಳ ದಾಖಲೆ ಉಳಿಸದ) ವಿಂಡೋ ಯಾವ ಪ್ರೊಫೈಲಿನಿಂದ ತೆರೆದರೂ ಒಂದೇ ಕಪ್ಪು ಬಣ್ಣ, ನೀವು ಆರಿಸಿದ ಥೀಮ್ ಅಲ್ಲಿ ಇರುವುದಿಲ್ಲ. ಇನ್ನೊಂದು, ಕಂಪ್ಯೂಟರಿನ ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಕೊನೆಗೆ ಬಳಸಿದ ಪ್ರೊಫೈಲಿನಲ್ಲೇ ತೆರೆಯುತ್ತದೆ. ಬುಕಿಂಗ್ ಅಥವಾ ಬ್ಯಾಂಕಿನ ಲಿಂಕ್ ಆಗಿದ್ದರೆ ನೇರ ಒತ್ತಬೇಡಿ. ಕಾಪಿ ಮಾಡಿ, ಬೇಕಾದ ಬಣ್ಣದ ವಿಂಡೋದ ವಿಳಾಸಪಟ್ಟಿಯಲ್ಲಿ ಪೇಸ್ಟ್ ಮಾಡಿ.