ನೆರಳು ಮಾಯವಾಗುವ ಮಧ್ಯಾಹ್ನ: ರಜೆಯಲ್ಲಿ ಮಕ್ಕಳೇ ಅಳೆಯಲಿ

ಮೇ 2ರ ಸುಮಾರಿಗೆ ಕೊಪ್ಪಳದಲ್ಲಿ ಮಧ್ಯಾಹ್ನ 12.20 ದಾಟಿದ ಎರಡು-ಮೂರು ನಿಮಿಷಕ್ಕೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದಿರುತ್ತಾನೆ. ಬಳ್ಳಾರಿಯಲ್ಲಿ ಇದು ಒಂದು ದಿನ ಮೊದಲು, ರಾಯಚೂರಿನಲ್ಲಿ ಮೂರು ದಿನ ತಡ. ವರ್ಷಕ್ಕೆ ಎರಡೇ ಸಲ ಬರುವ ಗಳಿಗೆ ಇದು. ನಮ್ಮ ಮಕ್ಕಳಿಗೆ ಅದರಲ್ಲೊಂದು ಬೇಸಿಗೆ ರಜೆಯಲ್ಲೇ ಸಿಗುತ್ತದೆ. ಆ ಒಂದು ದಿನ ನೋಡಿ ಚಪ್ಪಾಳೆ ತಟ್ಟಿದರೆ ಸಾಲದು. ಎರಡು ವಾರ ಮೊದಲೇ ಅಳೆಯಲು ಶುರು ಮಾಡಿದರೆ, ಸೂರ್ಯ ದಿನದಿನಕ್ಕೆ ಬಡಗಣಕ್ಕೆ ಸರಿಯುವುದು ಮಕ್ಕಳ ಕಣ್ಣಿಗೇ ಕಾಣುತ್ತದೆ.

ಬೇಕಾದ ಸಾಮಾನು ಕಡಿಮೆ: ಎರಡು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ, ಒಂದು ಮೀಟರಿನ ನೇರ ಕೋಲು, ಬಿಳಿ ಹಾಳೆ, ಪೆನ್ಸಿಲ್, ಸ್ಕೇಲು, ಒಂದು ನಿಂಬೆಹಣ್ಣು.

ಮೊದಲ ವರ್ಷ ನಾನು ಕೋಲನ್ನು ಮರಳು ತುಂಬಿದ ಬಕೇಟಿನಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಅಣ್ಣನ ಮಗ ಮಾಳಿಗೆಯಿಂದ ಕೂಗಿದ: "ಕಾಕಾ, ನೆಳ್ಳು ಬಕೀಟಿನ್ಯಾಗ ಬಿದ್ದೈತಿ!" ನೆರಳು ಅಷ್ಟು ಗಿಡ್ಡ ಇರುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಹಾಗಾಗಿ ಹಲಗೆಯೇ ಬೇಕು. ಅದರ ನಡುವೆ ಕೋಲನ್ನು ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿ ಮಾಡಿಸಿ, ಸುತ್ತ ಹಾಳೆ ಅಂಟಿಸಿ.

ಕೋಲಿನ ತುದಿಗೆ ನಿಂಬೆಹಣ್ಣು ಚುಚ್ಚಿ. ಇದು ಆಟಕ್ಕಲ್ಲ. ಸೂರ್ಯ ಚುಕ್ಕೆಯಲ್ಲ, ಬಿಲ್ಲೆ. ಅದಕ್ಕೇ ಬರಿ ಕೋಲಿನ ನೆರಳಿನ ತುದಿ ಮಸುಕಾಗಿ, ಎಲ್ಲಿಗೆ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ದುಂಡನೆಯ ನೆರಳಾದರೆ ಅದರ ನಡುಮಧ್ಯ ಗುರುತಿಸುವುದು ಸುಲಭ. ಹಾಳೆಯಿಂದ ನಿಂಬೆಯ ನಡುವಿನವರೆಗೆ 100 ಸೆಂ.ಮೀ. ಇರಲಿ.

ಹಲಗೆಯನ್ನು ಉದ್ದಕ್ಕೆ ತೆಂಕು-ಬಡಗಾಗಿ ಇಡಿ. ಮೇಲೆ ನೀರಿನ ತಾಟು ಇಟ್ಟು ಮಟ್ಟ ನೋಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯಾ ಎಂದು ಎರಡು ಕಡೆಯಿಂದ ಪರೀಕ್ಷಿಸಿ. ಹಲಗೆಯ ಸುತ್ತ ಸೀಮೆಸುಣ್ಣದ ಗೆರೆ ಎಳೆದರೆ ನಾಳೆಯೂ ಅದೇ ಜಾಗಕ್ಕೆ ಇಡಬಹುದು.

ಇನ್ನು ಅಳತೆ. 12 ಗಂಟೆಯಿಂದ 12.40ರವರೆಗೆ ಐದೈದು ನಿಮಿಷಕ್ಕೊಂದು ಚುಕ್ಕೆ ಹಾಕಿ. ಕೋಲಿನ ಬುಡಕ್ಕೆ ಎಲ್ಲಕ್ಕಿಂತ ಹತ್ತಿರದ ಚುಕ್ಕೆಯೇ ಆ ದಿನದ ನಿಜವಾದ ನಡುಮಧ್ಯಾಹ್ನ. ಗಡಿಯಾರದ 12 ಅಲ್ಲ, ಯಾಕೆಂದರೆ ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ನಾವು ಅದಕ್ಕಿಂತ ಪಡುವಣಕ್ಕಿದ್ದೇವೆ. ಏಪ್ರಿಲ್ 15ಕ್ಕೆ ಆ ಚುಕ್ಕೆ ಬುಡದಿಂದ ಬಡಗಣಕ್ಕೆ ಸುಮಾರು 10 ಸೆಂ.ಮೀ. ದೂರ ಇರುತ್ತದೆ. ಆಮೇಲೆ ದಿನಕ್ಕೆ ಅರ್ಧ ಸೆಂ.ಮೀ.ಗಿಂತ ತುಸು ಜಾಸ್ತಿ ಒಳಗೆ ಬರುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. 40 ಡಿಗ್ರಿ ದಾಟುವ ಊರು ನಮ್ಮದು. ಮಕ್ಕಳು ನೆರಳಲ್ಲಿ ಕೂತಿರಲಿ, ಚುಕ್ಕೆ ಹಾಕಲು ಮಾತ್ರ ಹೊರಗೆ ಬರಲಿ. ತಲೆಗೆ ಟವೆಲ್, ಕಾಲಿಗೆ ಚಪ್ಪಲಿ, ಕೈಗೆ ಮಜ್ಜಿಗೆ. ಸೂರ್ಯನನ್ನು ನೇರವಾಗಿ ನೋಡಲೇಬಾರದು.

ಮೇ 2ರಂದು ನಿಂಬೆಯ ನೆರಳು ಕೋಲಿನ ಬುಡಕ್ಕೆ ಬಳೆ ತೊಡಿಸಿದ ಹಾಗೆ ಸುತ್ತಲೂ ಸಮನಾಗಿ ಕೂರುತ್ತದೆ. ಆಗ ಮಾತಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಕ್ಕಳಿಗೂ ಇಂಥದ್ದೇ ಕೋಲು ನಿಲ್ಲಿಸಲು ಹೇಳಿರಿ. ಅಲ್ಲಿ ನಡುಮಧ್ಯಾಹ್ನ 12.17ರ ಆಸುಪಾಸು. ಅವರ ನೆರಳು ತೆಂಕಣಕ್ಕೆ ಸುಮಾರು 4.2 ಸೆಂ.ಮೀ. ಬರಬೇಕು.

ಈ ಒಂದು ಸಂಖ್ಯೆಯಿಂದ ಭೂಮಿಯ ಸುತ್ತಳತೆ ಸಿಗುತ್ತದೆ. 100 ಸೆಂ.ಮೀ. ತ್ರಿಜ್ಯದ ವೃತ್ತದ ಸುತ್ತಳತೆ 628 ಸೆಂ.ಮೀ. ಅದನ್ನು 4.2ರಿಂದ ಭಾಗಿಸಿದರೆ ಸುಮಾರು 150. ಅಂದರೆ ಕೊಪ್ಪಳ-ಬೆಂಗಳೂರಿನ ನಡುವಿನ ತೆಂಕು-ಬಡಗು ದೂರ ಭೂಮಿಯ ಸುತ್ತಳತೆಯ 150ರಲ್ಲಿ ಒಂದು ಪಾಲು. ಅಟ್ಲಾಸ್‌ನಲ್ಲಿ ಎರಡೂ ಊರಿನ ನಡುವಿನ ತೆಂಕು-ಬಡಗು ದೂರ ಮಾತ್ರ ಅಳೆಯಿರಿ, ರಸ್ತೆಯ ದೂರ ಅಲ್ಲ. ಅದು ಸುಮಾರು 265 ಕಿ.ಮೀ. ಗುಣಿಸಿದರೆ 40,000 ಕಿ.ಮೀ.ಗೆ ಹತ್ತಿರ! ನಿಮಗೆ 36,000 ಬಂದರೂ, 45,000 ಬಂದರೂ ಬೇಸರ ಬೇಡ. ಅರ್ಧ ಸೆಂ.ಮೀ. ತಪ್ಪಿದರೆ ಅಷ್ಟು ವ್ಯತ್ಯಾಸ ಆಗುತ್ತದೆ. ಬಂದ ಲೆಕ್ಕವನ್ನೇ ಬರೆಯಿರಿ, ತಿದ್ದಬೇಡಿ.

ಗ್ರೀಕರ ಎರಟೋಸ್ಥೆನೀಸ್ 2,200 ವರ್ಷಕ್ಕೂ ಹಿಂದೆ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಮಾಡಿದ್ದೂ ಇದೇ ಲೆಕ್ಕ. ನಮ್ಮ ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನ ಇದೆ ಅಲ್ವಾ, ಅದೂ ಅದೇ ಶತಮಾನದ್ದು. ಮಕ್ಕಳನ್ನು ಒಂದು ಸಂಜೆ ಅಲ್ಲಿಗೆ ಕರೆದೊಯ್ದು ಈ ಮಾತು ಹೇಳಿ.

ಮೇ 2 ಆದ ಮೇಲೂ ಒಂದು ವಾರ ಚುಕ್ಕೆ ಹಾಕುತ್ತಿರಿ. ಈಗ ನೆರಳು ಕೋಲಿನ ಇನ್ನೊಂದು ಬದಿಗೆ, ತೆಂಕಣಕ್ಕೆ ಬೀಳುತ್ತದೆ. ಹಾಳೆಯ ಮೇಲೆ ಊರು, ತಾರೀಖು, ಅಳೆದವರ ಹೆಸರು ಬರೆದು ಹಲಗೆಯನ್ನು ಅಟ್ಟಕ್ಕೆ ಏರಿಸಿ. ಆಗಸ್ಟ್ 10-11ರ ಸುಮಾರಿಗೆ ಅದನ್ನು ಮತ್ತೆ ಇಳಿಸಬೇಕು. ಅವತ್ತು ಮೋಡ ಕವಿದಿದ್ದರೆ ಹಿಂದಿನ ದಿನವೋ ಮರುದಿನವೋ ಆದರೂ ನಡೆಯುತ್ತದೆ.