ಮಲೆನಾಡಿನ ಮೆದುನೀರಿನಲ್ಲಿ ತಾಮ್ರದ ಅಯಾನು: ಈಜುಕೊಳ ನೋಡಿಕೊಂಡ ನನ್ನ ಅನುಭವ

ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ನಡೆಸುತ್ತಿರುವ ಹೋಂಸ್ಟೇಗೆ 8 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಈಜುಕೊಳವಿದೆ. ಸರಾಸರಿ ಆಳ 1.4 ಮೀಟರ್ ಇರುವುದರಿಂದ ಅದು ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ಮೊದಲ ಎರಡು ವರ್ಷ ಅದನ್ನು ಕ್ಲೋರಿನ್‌ನಿಂದ ಮಾತ್ರ ನೋಡಿಕೊಂಡೆವು. ಸುತ್ತಲೂ ಮರಗಳಿರುವ ಕಾರಣ ಎಲೆ, ಹೂವು, ಪರಾಗ ಸದಾ ಬೀಳುತ್ತಿದ್ದು, ಹಾಕಿದ ಕ್ಲೋರಿನ್ ಅವುಗಳ ಮೇಲೆಯೇ ಖರ್ಚಾಗಿ, ಎರಡು ದಿನ ಗಮನ ತಪ್ಪಿದರೆ ಗೋಡೆಗೆ ಪಾಚಿ ಹತ್ತುತ್ತಿತ್ತು. ಆಗ ಪಾಚಿ ತಡೆಯಲೆಂದು ತಾಮ್ರದ ಅಯಾನು (ವಿದ್ಯುದಾವೇಶವಿರುವ ಸೂಕ್ಷ್ಮ ಕಣ) ಬಿಡುವ ಯಂತ್ರವನ್ನು ಕೂರಿಸಿದೆವು.

ಯಂತ್ರದ ಕೆಲಸ ಸರಳವಾದದ್ದು. ಫಿಲ್ಟರ್ ದಾಟಿ ಬರುವ ಪೈಪಿನೊಳಗೆ ಎರಡು ತಾಮ್ರದ ಪಟ್ಟಿಗಳಿರುತ್ತವೆ. ಅವುಗಳ ನಡುವೆ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ ಹರಿದಾಗ ತಾಮ್ರ ಕಣಕಣವಾಗಿ ನೀರಿಗೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಲು ಬರುತ್ತದೆ: 1 ಆಂಪಿಯರ್ ಕರೆಂಟ್ 1 ಗಂಟೆ ಹರಿದರೆ ಹೆಚ್ಚೆಂದರೆ 1.19 ಗ್ರಾಂ. ನಾನು ಇಟ್ಟುಕೊಂಡಿರುವ ಗುರಿ ಲೀಟರಿಗೆ 0.3 ಮಿಲಿಗ್ರಾಂ, ಅಂದರೆ ಇಡೀ ಕೊಳಕ್ಕೆ 13.5 ಗ್ರಾಂ ತಾಮ್ರ. ಅರ್ಧ ಆಂಪಿಯರಿನಲ್ಲಿ ದಿನಕ್ಕೆ 6 ಗಂಟೆ ಪಂಪ್ ಓಡಿಸಿದರೆ ಸುಮಾರು ನಾಲ್ಕು ದಿನದ ಕೆಲಸ.

ಆದರೆ ನಮ್ಮಲ್ಲಿ ನಾಲ್ಕು ದಿನವಲ್ಲ, ಎರಡು ವಾರ ಕಳೆದರೂ ಪರೀಕ್ಷೆಯ ಕಿಟ್‌ನಲ್ಲಿ ತಾಮ್ರದ ಬಣ್ಣ ಕಾಣಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಬಿಚ್ಚಿ ನೋಡುವವರೆಗೆ ಹೋಗಿದ್ದೆ. ಕಾರಣ ನೀರಿನಲ್ಲಿಯೇ ಇತ್ತು. ನಮ್ಮ ಬಾವಿಯ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ ಸುಮಾರು 60 ಮಿಲಿಗ್ರಾಂ ಮಾತ್ರ. ಅಷ್ಟು ಮೆದುವಾದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. 25 ಕಿಲೋದ ಒಂದು ಚೀಲ ಅಯೋಡಿನ್ ಸೇರಿಸದ ಉಪ್ಪನ್ನು ಕರಗಿಸಿ ಹಾಕಿದ ದಿನವೇ ಕರೆಂಟ್ ಏರಿತು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನವರಿಗೆ ಈ ತೊಂದರೆ ಬರುವುದಿಲ್ಲ. ಅವರಿಗೆ ಪಟ್ಟಿಗಳ ಮೇಲೆ ಸುಣ್ಣದ ಪದರ ಕಟ್ಟುವ ಬೇರೆ ತೊಂದರೆ ಇರುತ್ತದೆ.

ಯಂತ್ರ ಮಾರಿದವರು ಇನ್ನು ಮುಂದೆ ಕ್ಲೋರಿನ್ ಬೇಕಾಗಿಯೇ ಇಲ್ಲವೆಂದು ಹೇಳಿದ್ದರು, ನಾನೂ ನಂಬಿದ್ದೆ. ತಾಮ್ರದ ಬಿಂದಿಗೆಯ ನೀರು ಒಳ್ಳೆಯದೆಂದು ಕೇಳುತ್ತ ಬೆಳೆದವರಿಗೆ ಅದನ್ನು ನಂಬುವುದು ಕಷ್ಟವೂ ಅಲ್ಲ. ಬಿಂದಿಗೆಯಲ್ಲಿ ನೀರು ರಾತ್ರಿಯಿಡೀ ನಿಲ್ಲುತ್ತದೆ, ತಾಮ್ರಕ್ಕೆ ತನ್ನ ಕೆಲಸ ಮಾಡಲು ಗಂಟೆಗಳ ಕಾಲಾವಕಾಶವಿರುತ್ತದೆ. ಈಜುಕೊಳದಲ್ಲಿ ಹಾಗಲ್ಲ, ಒಬ್ಬರ ಮೈಯಿಂದ ಬಂದ ರೋಗಾಣು ಪಕ್ಕದಲ್ಲಿ ಆಡುತ್ತಿರುವ ಮಗುವಿನ ಬಾಯಿ ಸೇರಲು ಕೆಲವೇ ಕ್ಷಣ ಸಾಕು. ಅಲ್ಲದೆ ಬೆವರು, ಎಣ್ಣೆ, ಮೈಗೆ ಹಚ್ಚಿಕೊಂಡ ಲೇಪನಗಳನ್ನು ಸುಟ್ಟು ಕರಗಿಸುವ ಶಕ್ತಿ ತಾಮ್ರಕ್ಕಿಲ್ಲ. ಏಪ್ರಿಲ್ ತಿಂಗಳ ಒಂದು ಶನಿವಾರ ಮತ್ತು ಭಾನುವಾರ ಇಪ್ಪತ್ತಕ್ಕೂ ಹೆಚ್ಚು ಜನ ಇಳಿದ ಮೇಲೆ ನೀರಿನಲ್ಲಿ ಪಾಚಿ ಒಂದಿಷ್ಟೂ ಇರಲಿಲ್ಲ, ಆದರೆ ತಳ ಕಾಣದಷ್ಟು ಮಬ್ಬಾಗಿ, ಅಂಚಿನಲ್ಲಿ ಜಿಡ್ಡಿನ ಗೆರೆ ಎದ್ದಿತ್ತು.

ಗಾಬರಿಯಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ನೋಡದೆ, ಮನೆಯಲ್ಲಿದ್ದ ಬ್ಲೀಚಿಂಗ್ ಪೌಡರನ್ನು ಒಂದೇ ಸಲಕ್ಕೆ ಹೆಚ್ಚಾಗಿ ಸುರಿಸಿದೆ. ಮರುದಿನ ಬೆಳಿಗ್ಗೆ ಪಿಎಚ್ 8.2ಕ್ಕೆ ಏರಿತ್ತು, ನೀರಿನಲ್ಲಿದ್ದ ತಾಮ್ರ ಮೆಟ್ಟಿಲುಗಳ ಮೇಲೆ ಹಸಿರು ನೀಲಿ ಕಲೆಯಾಗಿ ಕುಳಿತಿತ್ತು. ಅಡಿಕೆ ಬೆಳೆಗಾರನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಸೇರಿಸುವುದು ಇದಕ್ಕಾಗಿಯೇ: ಸುಣ್ಣ ಬಿದ್ದಾಗ ಕರಗಿದ್ದ ತಾಮ್ರ ಗಟ್ಟಿಯಾಗಿ ಗೊನೆಗೆ ಅಂಟಿಕೊಳ್ಳುತ್ತದೆ, ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗಿಗೆ ಕೆಂಪು ತಾಮ್ರ ಹತ್ತುತ್ತದೆ ಎಂಬುದು ನಮ್ಮ ಕಡೆ ಮದ್ದು ಹೊಡೆಯುವವರಿಗೆಲ್ಲ ತಿಳಿದಿದೆ. ಬ್ಲೀಚಿಂಗ್ ಪೌಡರಿನಲ್ಲಿಯೂ ಇರುವುದು ಸುಣ್ಣವೇ. ತೋಟದಲ್ಲಿ ತಾಮ್ರ ಅಂಟಿ ಕೂರಬೇಕು, ಕೊಳದಲ್ಲಿ ಅದು ಕರಗಿಯೇ ಇರಬೇಕು. ಕೊಳದಲ್ಲಿ ನಾನು ತೋಟದ ಕೆಲಸ ಮಾಡಿದ್ದೆ.

ಆ ಕಲೆ ಬೇರೇನೂ ಅಲ್ಲ, ಪಾತ್ರೆಗೆ ಹಿಡಿಯುವ ಕಿಲುಬೇ. ಹುಣಸೆಹಣ್ಣಿನಿಂದ ಬಿಂದಿಗೆ ಬೆಳಗುವ ಹಾಗೆ ಇದಕ್ಕೂ ಹುಳಿ ಬೇಕಾಗಿತ್ತು. ನೀರನ್ನು ಮೆಟ್ಟಿಲಿನ ಕೆಳಗಿಳಿಸಿ, ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ತೆಳುವಾಗಿ ಕಲಸಿ ಬಟ್ಟೆಯಿಂದ ತಿಕ್ಕಿದೆವು. ಹೆಚ್ಚಿನ ಕಲೆ ಹೋಯಿತು. ಸಿಮೆಂಟಿನ ಸಂದುಗಳಲ್ಲಿ ಇಳಿದದ್ದು ಇಂದಿಗೂ ಇದೆ. ಆ ವಾರವೇ ಬಿಳಿಗೂದಲಿನ ಹಿರಿಯ ಅತಿಥಿಯೊಬ್ಬರ ಕೂದಲಿಗೆ ತಿಳಿ ಹಸಿರು ಛಾಯೆ ಬಂದಿತ್ತು. ತಾಮ್ರ ಕೂದಲಿನ ಪ್ರೋಟೀನಿಗೆ ಅಂಟುವುದರಿಂದ ಹೀಗಾಗುತ್ತದೆ, ಕಪ್ಪು ಕೂದಲಿನಲ್ಲಿ ಅದು ಕಾಣುವುದಿಲ್ಲ. ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು, ಆದರೆ ಅವರ ಮುಂದೆ ನಿಂತ ಆ ಹೊತ್ತನ್ನು ನಾನು ಮರೆತಿಲ್ಲ.

ಅಂದಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ. ಪಿಎಚ್ ಮತ್ತು ಕ್ಲೋರಿನ್ ದಿನವೂ, ತಾಮ್ರ ವಾರಕ್ಕೊಮ್ಮೆ. ಪಿಎಚ್ 7.2ರಿಂದ 7.6ರ ಒಳಗಿರಬೇಕು. ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿಳಿಯಲು ಬಿಡುವುದಿಲ್ಲ, ಜನ ಹೆಚ್ಚಿರುವ ದಿನ ಇನ್ನೂ ಮೇಲಿಡುತ್ತೇನೆ. ಮೊದಲಿಗಿಂತ ಕಡಿಮೆ ಕ್ಲೋರಿನ್ ಸಾಕಾಗುತ್ತಿದೆ, ಏಕೆಂದರೆ ಪಾಚಿಯ ಹೊಣೆಯನ್ನು ತಾಮ್ರ ಹೊತ್ತಿದೆ; ಕ್ಲೋರಿನ್ ಬೇಡವೆನ್ನುವವರ ಮಾತನ್ನು ಮಾತ್ರ ನಾನು ಇನ್ನು ಒಪ್ಪುವುದಿಲ್ಲ. ತಾಮ್ರ 0.4 ದಾಟುವ ಸೂಚನೆ ಕಂಡರೆ ಯಂತ್ರ ನಿಲ್ಲಿಸುತ್ತೇನೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ತಾಮ್ರ ಹಾಗೆ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಫಿಲ್ಟರ್ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿದ ನೀರನ್ನು ಮೊದಲು ತೋಟದ ಕೆಳಗಿನ ಹಳ್ಳಕ್ಕೆ ಬಿಡುತ್ತಿದ್ದೆವು. ಮನುಷ್ಯರಿಗೆ ಏನೂ ಮಾಡದ ಪ್ರಮಾಣದ ತಾಮ್ರ ಮೀನಿಗೆ ವಿಷವಾಗಬಲ್ಲದು, ಅದರಲ್ಲಿಯೂ ನಮ್ಮಂಥ ಮೆದುನೀರಿನಲ್ಲಿ ಅದರ ತೀಕ್ಷ್ಣತೆ ಹೆಚ್ಚು. ಈಗ ಹಳ್ಳದಿಂದ ದೂರದಲ್ಲಿ ಇಂಗುಗುಂಡಿ ತೋಡಿದ್ದೇವೆ. ಒಂದು ಬ್ಯಾಕ್‌ವಾಶ್‌ನ 300 ಲೀಟರಿನಲ್ಲಿ ಕರಗಿರುವ ತಾಮ್ರ 100 ಮಿಲಿಗ್ರಾಂಗಿಂತ ಕಡಿಮೆ. 200 ಲೀಟರಿನ ಒಂದು ಡ್ರಮ್ ಬೋರ್ಡೋದಲ್ಲಿ ಸುಮಾರು ಅರ್ಧ ಕಿಲೋ ಇರುತ್ತದೆ. ಮಣ್ಣಿಗೆ ಅದು ದೊಡ್ಡ ಹೊರೆಯಲ್ಲ, ಮೀನಿರುವ ನೀರಿಗೆ ನೇರವಾಗಿ ಬೀಳಬಾರದು ಅಷ್ಟೆ.

ಮಳೆಗಾಲದ ಲೆಕ್ಕವೇ ಬೇರೆ. 2,500 ಮಿಲಿಮೀಟರ್ ಮಳೆ ಸುರಿದರೆ ಈ ಕೊಳದ ಬಾಯಿಗೆ 80,000 ಲೀಟರ್ ಬೀಳುತ್ತದೆ, ಕೊಳ ಹಿಡಿಯುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆಗ ಯಂತ್ರ ಓಡಿಸಿದರೆ ಇಳಿಸಿದ ತಾಮ್ರವೆಲ್ಲ ತುಂಬಿ ಹರಿದು ಹಳ್ಳ ಸೇರುತ್ತದೆ. ಆದ್ದರಿಂದ ಮೇ ಮಧ್ಯದಲ್ಲಿಯೇ ಯಂತ್ರ ನಿಲ್ಲಿಸಿ, ನೀರಿನಲ್ಲಿರುವ ತಾಮ್ರದ ಪ್ರಮಾಣ ತಾನಾಗಿ ಕಡಿಮೆಯಾಗಲು ಬಿಟ್ಟು, ಜೂನಿನಲ್ಲಿ ಕೊಳಕ್ಕೆ ಟಾರ್ಪಾಲಿನ ಚಪ್ಪರ ಹಾಕುತ್ತೇವೆ. ಮಳೆನೀರು ಒಳಬಂದಷ್ಟೂ ಕ್ಷಾರೀಯತೆ (ಪಿಎಚ್ ಏರಿಳಿಯದಂತೆ ಹಿಡಿದಿಡುವ ನೀರಿನ ಗುಣ) ಕುಸಿದು ಪಿಎಚ್ ಹಿಡಿತಕ್ಕೆ ಸಿಗದಂತಾಗುವುದರಿಂದ ಅಡುಗೆ ಸೋಡಾ ಹಾಕುತ್ತೇನೆ; ನಮ್ಮ ಕೊಳದಲ್ಲಿ 750 ಗ್ರಾಂ ಸೋಡಾ ಕ್ಷಾರೀಯತೆಯನ್ನು ಲೀಟರಿಗೆ 10 ಮಿಲಿಗ್ರಾಂನಷ್ಟು ಏರಿಸುತ್ತದೆ.

ಯಂತ್ರ ನಿಂತಿರುವ ಆ ತಿಂಗಳುಗಳಲ್ಲಿ ಪಟ್ಟಿಗಳನ್ನು ಬಿಚ್ಚಿ, ವಿನೆಗರಿನಲ್ಲಿ ನೆನೆಸಿ, ಉಜ್ಜಿ, ಒಣಗಿಸಿ, ಎರಡನ್ನೂ ಒಟ್ಟಿಗೆ ತೂಗುತ್ತೇನೆ. ಹಿಂದಿನ ವರ್ಷದ ತೂಕದಿಂದ ಇದನ್ನು ಕಳೆದರೆ ಆ ವರ್ಷ ನೀರಿಗಿಳಿಸಿದ ತಾಮ್ರ ಎಷ್ಟೆಂದು ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, ಮತ್ತು ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟ ಮೇಲೆಯೇ ಪಟ್ಟಿಗಳನ್ನು ಮತ್ತೆ ಜೋಡಿಸುತ್ತೇನೆ.