ಬಲ್ಲ, ಬಳ್ಳ ಮತ್ತು ಇದ್ದಿಲ ಪುಡಿ

‘ಮಕ್ಕಳ ಬಾಯಿಗೆ ಮಸಿ ಬಳಿಯುತ್ತೀರೇನು ಸರ್?’ ಎಂದು ಎರಡು ವರ್ಷದ ಹಿಂದೆ ಕೇಳಿದ್ದ ಹಿರಿಯ ಶಿಕ್ಷಕರೇ ಕಳೆದ ತಿಂಗಳು ತಮ್ಮ ತರಗತಿಯ ಆರು ಮಕ್ಕಳನ್ನು ನನ್ನ ಬಳಿ ಕಳುಹಿಸಿದರು. ಅದಕ್ಕೇ, ನಾಲಿಗೆಗೆ ಇದ್ದಿಲು ಬಳಿದು ಮಕ್ಕಳಿಗೆ ಲಕಾರ, ಳಕಾರಗಳ ವ್ಯತ್ಯಾಸ ಕಲಿಸುವ ಈ ಪ್ರಯೋಗದ ಬಗ್ಗೆ ಬರೆಯುತ್ತಿದ್ದೇನೆ.

ಹಳೇ ಹುಬ್ಬಳ್ಳಿಯ ನಮ್ಮ ಶಾಲೆಯಲ್ಲಿ ಉರ್ದು ಮನೆಮಾತಿನ ಮಕ್ಕಳು ಬಹಳ. ಉರ್ದುವಿನಲ್ಲಿ ಳಕಾರವಿಲ್ಲ; ಹಾಳು ಹಾಲಾಗುತ್ತದೆ, ಹುಳಿ ಹುಲಿಯಾಗುತ್ತದೆ. ‘ನಾಲಿಗೆ ಮಡಚು’ ಎಂದು ಹತ್ತು ವರ್ಷ ಹೇಳಿ ಸೋತೆ. ಎರಡೂವರೆ ಸಾವಿರ ಕೊಟ್ಟು ತಂದ ಬಾಯಿಯ ಪ್ಲಾಸ್ಟಿಕ್ ಮಾದರಿಯಲ್ಲಿ ನಾಲಿಗೆ ಅಲುಗುವುದೇ ಇಲ್ಲ. ಮೂರು ಸಾವಿರದ ಮೈಕು ತಂದು ಧ್ವನಿಯ ತರಂಗಚಿತ್ರ ತೋರಿಸಿದೆ. ಎಂಟನೆಯ ತರಗತಿಯ ಹುಡುಗನಿಗೆ ಅದರಿಂದ ಏನು ತಿಳಿಯಬೇಕು? ತನ್ನ ನಾಲಿಗೆ ಎಲ್ಲಿ ತಗುಲಿತು ಎಂಬುದನ್ನು ಅವನು ಕಣ್ಣಾರೆ ಕಾಣಬೇಕು.

ನಾಲಿಗೆಗೆ ಕಪ್ಪು ಬಳಿದು, ಒಂದೇ ಶಬ್ದ ಹೇಳಿಸಿ, ಅಂಗುಳಿನ ಮೇಲೆ ಬಿದ್ದ ಗುರುತನ್ನು ಕನ್ನಡಿಯಲ್ಲಿ ನೋಡುವುದು ಧ್ವನಿವಿಜ್ಞಾನದವರ ಹಳೆಯ ಪದ್ಧತಿ. ಮೊದಲ ಪ್ರಯೋಗಗಳೆಲ್ಲ ನನ್ನ ಬಾಯಿಯಲ್ಲೇ ನಡೆದವು. ಕೋಕೋ ಪುಡಿ ಎಂಜಲಿಗೆ ಕರಗಿ ಹರಡಿತು. ಔಷಧಿ ಅಂಗಡಿಯ ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿದ ಮೇಲೆ ನಿಂತಿತು. ಯಾವ ಎಣ್ಣೆ, ಎಷ್ಟು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ತಿಂಗಳು ಕೈ ಕಪ್ಪು ಮಾಡಿಕೊಂಡು ಕಂಡುಕೊಂಡ ಹದ ಅದು.

ಲಕಾರದ ಗುರುತು ಮೇಲಿನ ಹಲ್ಲುಗಳ ಹಿಂದಿರುವ ಒಸಡಿನ ಉಬ್ಬಿನ ಮೇಲೆ ಚೆನ್ನಾಗಿ ಬಿತ್ತು. ಳಕಾರದ್ದು ಬೀಳಲೇ ಇಲ್ಲ! ಎರಡು ವಾರ ಒದ್ದಾಡಿದೆ. ಳ ಹೇಳುವಾಗ ನನ್ನ ನಾಲಿಗೆಯ ತುದಿ ಹಿಂದಕ್ಕೆ ಸುರುಳಿಗೊಂಡು, ಅದರ ಅಡಿಭಾಗ ಅಂಗುಳನ್ನು ಮುಟ್ಟುತ್ತದೆ. ನಾನು ಬಳಿದದ್ದು ಮೇಲ್ಭಾಗಕ್ಕೆ ಮಾತ್ರ. ತುದಿಯ ಅಡಿಗೂ ಬಳಿದ ದಿನ ಬೆರಳಗಲ ಹಿಂದೆ ಕಪ್ಪು ಮೂಡಿತು. ಸಂತೋಷಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ.

ಶಬ್ದದ ಆಯ್ಕೆಯಲ್ಲೂ ಎಡವಿದೆ. ‘ತಾಳ’ ಎಂದರೆ ತಕಾರವೂ ಹಲ್ಲಿಗೆ ಮೆತ್ತುತ್ತದೆ. ‘ಹುಳಿ’ಯ ಇಕಾರ ಅಂಗುಳಿನ ಎರಡೂ ಬದಿಯನ್ನು ಕಪ್ಪಾಗಿಸುತ್ತದೆ. ಕೊನೆಗೆ ‘ಬಲ್ಲ’, ‘ಬಳ್ಳ’ ಸಿಕ್ಕವು: ಬಕಾರ ತುಟಿಯದ್ದು, ಅಕಾರಕ್ಕೆ ನಾಲಿಗೆ ಮೇಲೆ ತಗಲದು, ಒತ್ತಕ್ಷರವಾದ್ದರಿಂದ ಗುರುತು ದಟ್ಟ.

ಪಾಲಕರ ಒಪ್ಪಿಗೆ ಪಡೆದು, ಮಗುವಿಗೊಂದು ಕುಂಚ, ಒಂದು ಅಕ್ರಿಲಿಕ್ ಕನ್ನಡಿ ಕೊಟ್ಟೆ. ತಲಾ ಐವತ್ತು ರೂಪಾಯಿಯೂ ಆಗಲಿಲ್ಲ. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿಗೆ ದೀಪಾವಳಿ ರಜೆಯೊಳಗೆ ಳಕಾರ ಒಲಿಯಿತು.

ನಡುವೆ ಮಹಾಪ್ರಾಣವನ್ನೂ ಪರೀಕ್ಷಿಸಿದೆ. ಬಾಯಿಯ ಮುಂದೆ ತೆಳು ಕಾಗದ ಹಿಡಿದು ‘ಕರ’, ‘ಖರ’ ಹೇಳಿಸಿದರೆ, ಕನ್ನಡ ಮನೆಮಾತಿನ ಬಹುತೇಕ ಮಕ್ಕಳ ಕಾಗದ ಎರಡಕ್ಕೂ ಒಂದೇ ರೀತಿ ಸುಮ್ಮನಿತ್ತು. ‘ಬಳ್ಳ’ಕ್ಕೆ ತಿಂಗಳುಗಟ್ಟಲೆ ತಿಣುಕಿದ್ದ ಹುಡುಗಿಯ ಕಾಗದ ಖಕಾರಕ್ಕೆ ಪಟಕ್ಕನೆ ಹಾರಿತು. ಈಗ ಶನಿವಾರ ಉಳಿದವರಿಗೆ ಮಹಾಪ್ರಾಣ ಹೇಳಿಕೊಡುವವಳು ಅವಳೇ.